ಅಧಿಕ ಮಾಸದ ಅಳಿಯನ ಲಿವರ್

ಹುಮನಾಬಾದ, ಮೇ ೨೦೦೭

ಪೂಜ್ಯ ಅತ್ತೆ ಸುಂದರಬಾಯಿಯವರಿಗೆ ಅಳಿಯ ಶಂಕರಲಿಂಗನ ಹೊಟ್ಟೆಸಮೇತ ನಮಸ್ಕಾರಗಳು.

ಅಧಿಕ ಮಾಸದಲ್ಲಿ ಅಳಿಯನಿಗೆ ಅಕ್ಕಿ-ಬೆಲ್ಲ ಕಲಸಿ ತುಪ್ಪದಲ್ಲಿ ಕರಿದ ಮೂವತ್ತಮೂರು ಅನಾರಸ ತಿನ್ನಿಸಿದರೆ ನಿಮಗೆ ಪುಣ್ಯ, ಒಪ್ಪಿದೆ. ಆದರೆ ಸ್ಕ್ಯಾನಿಂಗ್‌ನಲ್ಲಿ ನನ್ನ ಲಿವರ್ ತುಂಬ ಕೊಬ್ಬು ಕಂಡಿದೆ. "ಶೆರೆ ಕುಡೀತೀರೇನ್ರಿ?" ಎಂದು ಡಾಕ್ಟರು ಕೇಳಿದರು. "ಇಲ್ರಿ ಸಾಹೇಬ್ರ, ಬಸವಕಲ್ಯಾಣಕ್ಕ ಅತ್ತಿ ಮನಿಗಿ ಹೋಗ್ತಿರ್ತೀನ್ರಿ" ಎಂದೆ. ಅವರು ನಗಲಿಲ್ಲ. ತೂಕ ಇಳಿಸದಿದ್ದರೆ ಲಿವರ್ ಉಳಿಯದು ಎಂದರು.

ಆದ್ದರಿಂದ ಭಾನುವಾರ ನಾವಿಬ್ಬರೂ ಬಂದಾಗ ನನಗೆ ಜೋಳದ ರೊಟ್ಟಿ, ಪುಂಡಿಪಲ್ಯ ಸಾಕು. ಅನಾರಸ ಮಾತ್ರ ತಪ್ಪದೆ ಮಾಡಿ. ನಾನು ಸಿಹಿ ಬಿಟ್ಟಾಗಿನಿಂದ ನಿಮ್ಮ ಮಗಳೂ ಬಿಟ್ಟು ಸೊರಗಿದ್ದಾಳೆ. ಕೇಳಿದರೆ "ನನಗ ಸಿಹಿ ಸೇರಂಗಿಲ್ರಿ" ಅನ್ನುತ್ತಾಳೆ. ನನ್ನ ಮಾತು ನಡೆಯುತ್ತಿಲ್ಲ. ಇಷ್ಟು ವರ್ಷ ನನ್ನ ಮೇಲೆ ನಡೆಸಿದ ಒತ್ತಾಯವನ್ನು ಈ ಸಲ ಅವಳ ಮೇಲೆ ನಡೆಸಿ.

ನಿಮ್ಮ ಆಜ್ಞಾಧಾರಕ ಅಳಿಯ,
ಶಂಕರಲಿಂಗ