ಕರಡಿಯ ತಲೆ ಇನ್ನೂ ಒಣಗಿಲ್ಲ

ಮನೆಯಿಂದ,
ಗುರುವಾರ, ಮಾರ್ಚ್ 12, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ರಾತ್ರಿ ಸ್ವಲ್ಪವಾದರೂ ನಿದ್ದೆ ಬಂತೇ? ತಲೆಸುತ್ತು ಮತ್ತೆ ಬರಲಿಲ್ಲ ತಾನೇ? ಊಟ ಸಪ್ಪೆ ಎಂದು ತಟ್ಟೆಯನ್ನು ಹಾಗ್ಹಾಗೇ ವಾಪಸು ಕಳಿಸುತ್ತಿದ್ದೀಯಂತೆ, ನಿನ್ನ ಗಂಡ ಬಂದು ದೂರು ಹೇಳಿದ. ಆಸ್ಪತ್ರೆಯ ಊಟ ಸಪ್ಪೆಯಿಲ್ಲದೆ ಇನ್ನು ಹೇಗಿರಬೇಕು? ಮೂಗು ಮುಚ್ಚಿಕೊಂಡು ತಿಂದುಬಿಡು. ಹಾಸಿಗೆಯ ಚಾದರ ದಿನವೂ ಬದಲಿಸುತ್ತಿದ್ದಾರಾ? ಇಲ್ಲವೆಂದರೆ ನರ್ಸಮ್ಮನಿಗೆ ಗಟ್ಟಿಯಾಗಿಯೇ ಹೇಳು. ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವನ ಸೊಸೆ ಕೊಳೆ ಚಾದರದ ಮೇಲೆ ಮಲಗಿದ್ದಾಳೆಂದರೆ ನನ್ನ ಮರ್ಯಾದೆ ಏನಾಗಬೇಕು! ಆ ಒಗೆಯುವ ಯಂತ್ರಗಳ ಸದ್ದಿಗೆ ನನ್ನ ಕಿವಿ ಹೋದದ್ದು ನಿನಗೆ ಗೊತ್ತೇ ಇದೆ. ಮೊನ್ನೆ ಫೋನಿನಲ್ಲಿ ನೀನು ಏನೋ ಕೇಳಿದೆ, ನಾನು ಇನ್ನೇನೋ ಹೇಳಿದೆ, ಆ ಕಡೆ ನೀನು ನಕ್ಕೆಯೋ ಅತ್ತೆಯೋ ಅದೂ ತಿಳಿಯಲಿಲ್ಲ. ಅದಕ್ಕೇ ಈ ಕಾಗದ. ನಾಲ್ಕು ಗಂಟೆಗೆ ನಿನ್ನ ಗಂಡ ಅಲ್ಲಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಮೊದಲು ನಿನ್ನ ಕರಡಿಯ ಸಮಾಚಾರ ಹೇಳಿಬಿಡುತ್ತೇನೆ. ಭಾನುವಾರ ಮಕ್ಕಳ ನಾಟಕದ ನಡುವೆ ನೀನು ಆ ವೇಷದೊಳಗೇ ಪ್ರಜ್ಞೆ ತಪ್ಪಿ ಬಿದ್ದಾಗ, ನಿನ್ನನ್ನು ಸಾಗಿಸುವ ಗಡಿಬಿಡಿಯಲ್ಲಿ ಯಾರೋ ಅದನ್ನು ಒಂದು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿ ಬಿಗಿದಿದ್ದರು. ಸೋಮವಾರ ಬೆಳಿಗ್ಗೆ ನಿಮ್ಮ ನಿರ್ದೇಶಕಿ ಆ ಚೀಲವನ್ನು ಮನೆಗೆ ಕಳಿಸಿದರು. ಎಂದಿನಂತೆ ನಾನೇ ಒಗೆದುಕೊಡಬೇಕು, ಶನಿವಾರ ಬೆಳಿಗ್ಗೆ ಪ್ರದರ್ಶನವಿದೆ ಎಂದು ಚೀಟಿ ಇಟ್ಟಿದ್ದರು. ಚೀಲ ಬಿಚ್ಚಿದರೆ ಬೆವರು, ವಾಂತಿ, ರಂಗದ ಮೇಲಿನ ಧೂಳು, ಎಲ್ಲ ಸೇರಿ ಮೂಗಿಗೆ ರಾಚಿತು. ಈ ಸಲ ನನ್ನ ಕೈಮೀರಿತೆಂದು ಡ್ರೈಕ್ಲೀನಿಂಗ್ ಅಂಗಡಿಗೆ ಒಯ್ದೆ. ಅಂಗಡಿಯವನು ಮುಟ್ಟಿಯೂ ನೋಡದೆ, "ಯಜಮಾನ್ರೇ, ಇದು ನಮ್ ಕೈಲಾಗಲ್ಲ, ಪ್ರಾಣಿ ಡಾಕ್ಟ್ರ ಹತ್ರ ತಗೊಂಡ್ಹೋಗಿ" ಎಂದು ತಮಾಷೆ ಮಾಡಿದ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಗಲಲ್ಲಿ ಅವುಚಿಕೊಂಡು ಮನೆಗೆ ಬಂದೆ.

ನಾನು ಹತ್ತಿ ಬಟ್ಟೆಯ ಮನುಷ್ಯ. ಕುದಿಯುವ ನೀರು, ಸೋಡಾ, ಹಿಂಡು, ಒಣಗಿಸು, ಇಸ್ತ್ರಿ ಹಾಕು, ಇಷ್ಟೇ ನನ್ನ ವಿದ್ಯೆ. ಈ ನಕಲಿ ರೋಮಕ್ಕೆ ಅದರಲ್ಲಿ ಒಂದೂ ಆಗದು. ಬಿಸಿ ತಾಕಿದರೆ ರೋಮದ ತುದಿ ಕರಗಿ ಮುದ್ದೆಗಟ್ಟುತ್ತದೆ, ಆಮೇಲೆ ದೇವರೇ ಬಂದು ಬಾಚಿದರೂ ಬಿಡಿಸಿಕೊಳ್ಳುವುದಿಲ್ಲ ಎಂದು ನೀನೇ ನನಗೆ ಪಾಠ ಹೇಳಿಕೊಟ್ಟವಳು. ಹಾಗಾಗಿ ಬಚ್ಚಲಿನ ದೊಡ್ಡ ಟಬ್ಬಿನಲ್ಲಿ ತಣ್ಣೀರು ತುಂಬಿ, ಎರಡು ಮುಚ್ಚಳ ಶಾಂಪೂ ಕದಡಿ, ಒಳಮೈ ಹೊರಗೆ ಮಾಡಿ ಮುಳುಗಿಸಿದೆ. ತಿಕ್ಕಲಿಲ್ಲ, ಅಂಗೈಯಿಂದ ಅದುಮಿ ಅದುಮಿ ಬಿಟ್ಟೆ. ಐದು ಸಲ ನೀರು ಬದಲಿಸಿದ ಮೇಲೆ ತಿಳಿ ಬಂತು. ಹಿಂಡಲು ಕೈ ಎಷ್ಟು ತುರಿಸಿತೆಂದರೆ, ಕೊನೆಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಚ್ಚಲಿನಿಂದ ಈಚೆ ಬಂದು ನಿಂತೆ. ಮನೆಯಲ್ಲಿದ್ದ ಟವೆಲುಗಳನ್ನೆಲ್ಲ ಹಾಸಿ, ಕರಡಿಯನ್ನು ಚಾಪೆಯಂತೆ ಸುತ್ತಿ, ಅದರ ಮೇಲೆ ನಾನೂ ಪಿಟೀಲೂ ಕೂತೆವು. ನಿನ್ನ ಮಗಳಿಗೆ ಪಿಟೀಲು ಎಂದು ಹೆಸರಿಟ್ಟದ್ದಕ್ಕೆ ನೀನು ನನ್ನ ಮೇಲೆ ಸಿಟ್ಟಾಗಿದ್ದೆ, ಆದರೆ ಈ ನಾಲ್ಕು ದಿನ ಅವಳು ಕುಯ್ಯುತ್ತಿರುವ ರಾಗ ಕೇಳಿದ್ದರೆ ನೀನೇ ಒಪ್ಪಿಕೊಳ್ಳುತ್ತಿದ್ದೆ. ಊಟ ಬೇಡ, ಸ್ನಾನ ಬೇಡ, ತಾತ ಬೇಡ, ಅಮ್ಮನೇ ಬೇಕು.

ಒಗೆಯುವುದು ಹೇಗೋ ಮುಗಿಯಿತು, ಒಣಗಿಸುವುದೇ ಪ್ರಾಣಸಂಕಟ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ, ನೆರಳಿಗೆ ಹಾಕಿದರೆ ಒಳಗಿನ ಅಸ್ತರಿ ಮುಗ್ಗಲು ಹಿಡಿಯುತ್ತದೆ. ನಡುಮನೆಯಲ್ಲಿ ಕಿಟಕಿಯಿಂದ ಬಾಗಿಲಿಗೆ ಹಗ್ಗ ಕಟ್ಟಿ, ಹೆಗಲಿಗೆ ಎರಡು ದಪ್ಪ ಹ್ಯಾಂಗರು ಕೊಟ್ಟು ತೂಗುಹಾಕಿದೆ. ಮುಂದೊಂದು ಫ್ಯಾನು, ಹಿಂದೊಂದು ಫ್ಯಾನು. ತೊಟ್ಟಿಕ್ಕುವ ಕಡೆ ಸಾರಿನ ಪಾತ್ರೆಯಿಂದ ಹಿಡಿದು ನನ್ನ ಕಟ್ಟಿಸಿದ ಹಲ್ಲು ಇಡುವ ಬಟ್ಟಲಿನವರೆಗೆ ಎಲ್ಲ ಇಟ್ಟಿದ್ದೇನೆ. ಅರ್ಧ ಗಂಟೆಗೊಮ್ಮೆ ಅಗಲ ಹಲ್ಲಿನ ಬಾಚಣಿಗೆಯಿಂದ ರೋಮ ಬಿಡಿಸುತ್ತೇನೆ, ಇಲ್ಲದಿದ್ದರೆ ಒಣಗುತ್ತಾ ಜಡೆಗಟ್ಟುತ್ತದಲ್ಲ. ಪಿಟೀಲು ಮಂಗಳವಾರ ಬೆಳಿಗ್ಗೆ ಎದ್ದು ಬಂದವಳು ಅದರ ಕೆಳಗೆ ನಿಂತು, "ತಾತ, ಅಮ್ಮ ಚರ್ಮ ಬಿಚ್ಚಿಟ್ಟು ಎಲ್ಲಿಗೆ ಹೋದ್ಲು?" ಎಂದಳು. ಅಮ್ಮ ಸುಸ್ತಾಗಿ ಮಲಗಿದ್ದಾಳೆ, ಬರುತ್ತಾಳೆ ಎಂದು ಏನೋ ಹೇಳಿ ಅವಳನ್ನು ಕೆಳಮನೆಯ ಟೀಚರ ಹತ್ತಿರ ಬಿಟ್ಟುಬಂದೆ.

ನಿನ್ನೆ ಸಂಜೆಗೆ ಮೈ, ಕೈ, ಬಾಲ ಒಣಗಿದವು. ಪಾದಗಳ ಸ್ಪಂಜಿನಲ್ಲಿ ಇನ್ನೂ ತೇವ ಇದ್ದಂತಿತ್ತು, ಹಳೆಯ ಪತ್ರಿಕೆಗಳನ್ನು ತುಂಬಿದ್ದೇನೆ. ತಲೆಯನ್ನು ನೀರಿಗೆ ಅದ್ದುವಂತಿಲ್ಲವಲ್ಲ, ಒದ್ದೆ ಬಟ್ಟೆಯಿಂದ ಒಳಗೆ ಹೊರಗೆ ಒರೆಸಿ ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ್ದೇನೆ. ಕೆನ್ನೆಯ ಹತ್ತಿರ ಬೆರಳಿಟ್ಟರೆ ಇನ್ನೂ ತಣ್ಣಗೆ ತಾಕುತ್ತದೆ. ಕೂದಲು ಒಣಗಿಸುವ ನಿನ್ನ ಯಂತ್ರವನ್ನು ಎರಡು ಸಲ ಕೈಗೆ ತೆಗೆದುಕೊಂಡು, ಬಿಸಿಗಾಳಿಯ ಗುಂಡಿ ಎಲ್ಲಿ ಒತ್ತಿಬಿಡುತ್ತೇನೋ ಎಂದು ಹೆದರಿ ಎರಡು ಸಲವೂ ಕೆಳಗಿಟ್ಟೆ. ಈಗಲೂ ಆ ತಲೆ ನನ್ನ ಎದುರಿಗೇ ಕೂತಿದೆ. ಬರೆಯುತ್ತಾ ತಲೆ ಎತ್ತಿದರೆ ನನ್ನನ್ನೇ ನೋಡುತ್ತದೆ, ಹಾಗಾಗಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ.

ಇಷ್ಟೆಲ್ಲ ಒಗೆತದ ಪುರಾಣ ಯಾಕೆ ಬರೆಯುತ್ತಿದ್ದೇನೆಂದು ನೀನು ಬೇಸರಪಡಬಹುದು. ನಿನ್ನ ವಿಷಯಕ್ಕೆ ಬರಲು ನನಗೆ ಧೈರ್ಯ ಸಾಲುತ್ತಿಲ್ಲ, ಮಗಳೇ. ಎದೆಯ ಚಿತ್ರ ತೆಗೆದರು, ರಕ್ತ ನೋಡಿದರು, ತಲೆಯ ಸ್ಕ್ಯಾನು ಮಾಡಿದರು, ಕಾರಣ ಸಿಗುತ್ತಿಲ್ಲವಂತೆ. ನಾಳೆ ಬೆಳಿಗ್ಗೆ ತೊಡೆಯ ಸಂದಿಯಿಂದ ನಳಿಕೆ ತೂರಿಸಿ ಹೃದಯವನ್ನೇ ನೋಡುತ್ತಾರೆಂದು ನಿನ್ನ ಗಂಡ ಹೇಳಿದ. ನಿನ್ನ ಅಮ್ಮ ನಲವತ್ತರ ವಯಸ್ಸಿಗೆ ಹೃದಯ ನಿಂತು ಹೋದವರು, ನಿನಗೀಗ ಮೂವತ್ತೆಂಟು. ನೀನು ಲೆಕ್ಕ ಹಾಕುತ್ತಾ ಮಲಗಿರುತ್ತೀಯೆಂದು ನನಗೆ ಗೊತ್ತು. "ಅಮ್ಮನಿಗೆ ಆದದ್ದೇ ನಂಗೂ ಆಗ್ತಿದೆ, ಮಗೂನ ಮಾವನ ಕೈಲಿ ಬಿಟ್ಟು ಹೋಗ್ಬಿಡ್ತೀನಿ" ಎಂದು ಅವನ ಮುಂದೆ ಅತ್ತುಬಿಟ್ಟೆಯಂತೆ. ಅವನು ಅದನ್ನು ಹೇಳುವಾಗ ಗೋಡೆ ನೋಡಿಕೊಂಡು ಹೇಳಿದ.

ನಿಮ್ಮ ನಿರ್ದೇಶಕಿ ಇವತ್ತು ಬೆಳಿಗ್ಗೆ ತಾವೇ ಬಂದಿದ್ದರು. ರೋಮ ಮುಟ್ಟಿ ನೋಡಿ, ಹೊಸದರ ಹಾಗಿದೆ ಎಂದು ಹೊಗಳಿದರು. ಆಮೇಲೆ ಸ್ವರ ತಗ್ಗಿಸಿ, ನನ್ನ ಕಿವಿಗೆ ಕೇಳದೆ ಮತ್ತೆ ಜೋರಾಗಿ, "ಅವ್ರಿಗೆ ಇನ್ನು ಈ ವೇಷ ಬೇಡ, ಅಂಕಲ್. ಜೀವ ಮುಖ್ಯ ಅಲ್ವಾ? ಶನಿವಾರದಿಂದ ಹೊಸ ಹುಡುಗಿ ಹಾಕ್ಕೋತಾಳೆ" ಎಂದರು. ಏಳು ವರ್ಷ ಆ ಕರಡಿಯ ಹೆಜ್ಜೆಯೆಂದರೆ ನಿನ್ನ ಹೆಜ್ಜೆ. ಭಾನುವಾರವೂ ನೀನು ಬಿದ್ದಾಗ, ಕರಡಿ ನಿದ್ದೆಹೋಯಿತೆಂದು ಮಕ್ಕಳೆಲ್ಲ ಕೈತಟ್ಟಿದರಂತೆ. ನಿರ್ದೇಶಕಿಯವರೂ ಕೆಟ್ಟವರಲ್ಲ, ಹೆದರಿದ್ದಾರೆ. ಹೊಸ ಹುಡುಗಿಗೆ ಇಪ್ಪತ್ತೋ ಇಪ್ಪತ್ತೊಂದೋ ಅಂತೆ. ಅವರು ಹೋದ ಮೇಲೆ ನಾನು ಕರಡಿಯ ತಲೆಯನ್ನು ಮತ್ತೆ ಕೈಗೆತ್ತಿಕೊಂಡೆ.

ಹೊಟ್ಟೆಗೆ ಸ್ವಲ್ಪವಾದರೂ ತಿನ್ನು. ಪಿಟೀಲಿನ ಚಿಂತೆ ಬಿಡು, ಅವಳಿಗೆ ಎಣ್ಣೆ ಹಚ್ಚಿ ಜಡೆ ಹಾಕುವುದನ್ನೂ ಕಲಿತಿದ್ದೇನೆ, ಒಂದು ಮೇಲೆ ಒಂದು ಕೆಳಗೆ ಆಗುತ್ತದೆ ಅಷ್ಟೇ. ಅವಳ ನಾಲ್ಕು ಮುತ್ತು ಈ ಕಾಗದದ ಮೂಲೆಯಲ್ಲಿವೆ, ಒದ್ದೆಯಾಗಿ ಶಾಯಿ ಹರಡಿದ್ದು ಅದಕ್ಕೇ. ನೂರು ವರ್ಷ ಚೆನ್ನಾಗಿ ಬಾಳು ತಾಯಿ, ಈ ಮುದುಕನ ಆಯಸ್ಸೂ ನಿನಗೇ ಸೇರಲಿ.

ನಿನ್ನ ಮಾವ

ತಾ.ಕ.: ಇದನ್ನು ಮರೆತು ಕೆಳಗೆ ಬರೆಯುತ್ತಿಲ್ಲ. ಬರೆಯಲು ಕೈ ಬಂದಿರಲಿಲ್ಲ, ಈಗ ನಿನ್ನ ಗಂಡ ಚಪ್ಪಲಿ ಮೆಟ್ಟುತ್ತಿದ್ದಾನೆ, ಇನ್ನು ತಡಮಾಡಿದರೆ ನಾನು ಮನುಷ್ಯನಲ್ಲ. ನಿರ್ದೇಶಕಿ ಹೋದ ಮೇಲೆ, ವಾಸನೆ ಉಳಿದಿದೆಯೇ ನೋಡೋಣವೆಂದು ಕರಡಿಯ ತಲೆಯನ್ನು ನಾನೇ ಹಾಕಿಕೊಂಡೆ. ನಡುಮನೆಯಲ್ಲಿ ನಾಲ್ಕು ಸುತ್ತು ನಡೆಯುವುದರೊಳಗೆ ಉಸಿರು ಸಿಕ್ಕಿಕೊಂಡಿತು, ಕಣ್ಣು ಕತ್ತಲಿಟ್ಟು ನೆಲಕ್ಕೆ ಕೂತುಬಿಟ್ಟೆ. ಕಿತ್ತು ತೆಗೆದು ಟಾರ್ಚು ಹಾಕಿ ನೋಡಿದೆ. ಗದ್ದದ ಕೆಳಗೆ ಎರಡು, ಕಿವಿಗಳ ಹಿಂದೆ ನಾಲ್ಕು, ಗಾಳಿಗೆಂದು ಬಿಟ್ಟ ಸೀಳುಗಳು ರೋಮದಡಿ ಇವೆಯಲ್ಲ, ಆರೂ ಹೊಲಿಗೆ ಬಿದ್ದು ಮುಚ್ಚಿಹೋಗಿದ್ದವು. ಹೊಲಿಗೆ ನನ್ನದೇ. ಕಳೆದ ತಿಂಗಳು ಒಗೆದಾಗ ಒಂದರ ಜಾಲರಿ ಕಿತ್ತಿತ್ತು. ಅವು ಗಾಳಿಗೆ ಬಿಟ್ಟವೆಂದು ಹೊಳೆಯದೆ, ಆರೂ ಹರಿದಿವೆ ಎಂದುಕೊಂಡು, ಆಸ್ಪತ್ರೆಯ ಚಾದರಗಳಿಗೆ ಹಾಕುತ್ತಿದ್ದ ಒತ್ತು ಹೊಲಿಗೆಯಲ್ಲಿ, ಹುಡುಕಿದರೂ ಕಾಣದ ಹಾಗೆ ಮುಚ್ಚಿದೆ. ತೂತು ಕಂಡರೆ ಹೊಲಿಯುವುದು ಬಿಟ್ಟು ನನಗೆ ಬೇರೇನು ಗೊತ್ತು? ನಿನಗೆ ಹೇಳಲೂ ಇಲ್ಲ, ಇಂಥ ಸಣ್ಣ ಕೆಲಸ ಏನು ಹೇಳುವುದೆಂದು. ಆಮೇಲಿನ ಪ್ರತಿ ಪ್ರದರ್ಶನ ಮುಗಿಸಿ ಬಂದಾಗಲೂ "ಯಾಕೋ ಈಚೆಗೆ ಒಳಗೆ ಸೆಖೆ ಜಾಸ್ತಿ, ಮಾವ" ಎನ್ನುತ್ತಿದ್ದೆ, ನಾನು ನೀರು ಜಾಸ್ತಿ ಕುಡಿ ಎನ್ನುತ್ತಿದ್ದೆ. ಬಾಯಿಯ ಜಾಲರಿಯೊಂದರಿಂದ ಬರುವ ಗಾಳಿಯಲ್ಲಿ ನೀನು ನಾಲ್ಕು ವಾರ ಕುಣಿದೆ. ಆರನ್ನೂ ಬಿಚ್ಚಿದ್ದೇನೆ, ಬಿಚ್ಚಿದ ದಾರ ಈ ಕವರಿನಲ್ಲೇ ಇದೆ. ನಾಳೆ ನಳಿಕೆ ಹಾಕುವ ಮೊದಲು ಡಾಕ್ಟರಿಗೆ ತೋರಿಸಿ ಎಲ್ಲ ಹೇಳು, ಆಮೇಲೆ ಪರೀಕ್ಷೆ ಬೇಕೋ ಬೇಡವೋ ಅವರು ಹೇಳಲಿ. ನಿನ್ನ ಹೃದಯ ಚೆನ್ನಾಗಿದೆ ಎಂದು ಹೇಳಲು ನಾನು ಯಾರು, ಆದರೆ ಅಮ್ಮನಿಗೆ ಆದದ್ದೇ ನನಗೂ ಎಂದು ಇವತ್ತು ಅಳಬೇಡ. ನಿರ್ದೇಶಕಿಯವರ ಮನೆಗೆ ಈಗಲೇ ಹೋಗಿ ನನ್ನ ಬಾಯಿಂದಲೇ ಹೇಳುತ್ತೇನೆ. ನಿನ್ನ ಗಂಡನಿಗೆ ಇನ್ನೂ ಹೇಳಿಲ್ಲ. ಇದನ್ನು ಅವನ ಮುಂದೆ ಓದಬೇಡ ಎಂದು ಬರೆಯಬೇಕೆಂದಿದ್ದೆ. ಬೇಡ, ಅವನ ಮುಂದೆಯೇ ಓದು, ಗಟ್ಟಿಯಾಗಿ ಓದು.