ಹನ್ನೊಂದನೇ ಪುಟದ ನೇರಳೆ ಚೂರು

ಕಳ್ಳಂಬೆಳ್ಳ
ಬುಧವಾರ

ಪುಷ್ಪಲತಾ ಮೇಡಂ ಅವರಿಗೆ ನಮಸ್ಕಾರ.

ನನ್ನ ಮಗಳು ಸುಮೈರಾಳ ಸ್ಕ್ರ್ಯಾಪ್‌ಬುಕ್ಕಿನ ಮೇಲೆ ‘ಚಿತ್ರಗಳೇ ಇಲ್ಲ, ಬರೀ ಚಿಂದಿ. ಮತ್ತೆ ಮಾಡಿ’ ಎಂದು ಬರೆದು ವಾಪಸ್ ಕಳಿಸಿದ್ದೀರಿ. ಅದನ್ನೇ ಮತ್ತೆ ಕಳಿಸುತ್ತಿದ್ದೇನೆ. ಏನೂ ಬದಲಾಯಿಸಿಲ್ಲ.

ನೀವು ಕೊಟ್ಟ ವಿಷಯ ‘ನಮ್ಮೂರ ಜನ’. ಅಂಗಡಿಯಲ್ಲಿ ಸಿಗುವ ಚಾರ್ಟಿನ ಡಾಕ್ಟರು, ಪೊಲೀಸರು ನಮ್ಮೂರವರಲ್ಲ. ನಾನು ಟೈಲರ್. ಹೊಲಿಯಲು ಬಂದ ಪ್ರತಿ ಬಟ್ಟೆಯ ಒಂದು ಚೂರನ್ನು ಅಳತೆ ಪುಸ್ತಕದಲ್ಲಿ ಅವರವರ ಹೆಸರಿನ ಪಕ್ಕ ಪಿನ್ ಮಾಡಿಡುತ್ತೇನೆ. ಆ ಚೂರುಗಳನ್ನೇ ತಾಯಿ ಮಗಳು ಕೂತು ಅಂಟಿಸಿದೆವು. ಬಟ್ಟೆ ಕೊಡುವಾಗ ಯಾರು ಏನಂದರೆಂದು ನಾನು ಹೇಳಿದೆ, ಅವಳು ಬರೆದಳು.

ಹನ್ನೊಂದನೇ ಪುಟವನ್ನು ನೀವು ನೋಡಿದಂತಿಲ್ಲ. ಅಲ್ಲಿರುವ ನೇರಳೆ ಚೂರು, ನಿಮ್ಮ ತಾಯಿ ಲಕ್ಕಮ್ಮನವರು ತೀರಿಹೋಗುವ ಮೊದಲು ಹೊಲಿಸಿದ ರವಿಕೆಯದು. ಕೆಳಗೆ ಅವರ ಮಾತಿದೆ: ‘ತೋಳು ಉದ್ದ ಇಕ್ಕಮ್ಮ. ಆಸ್ಪತ್ರೇಲಿ ಸೂಜಿ ಚುಚ್ಚಿ ಚುಚ್ಚಿ ಕೈ ಊದ್ಕಂಡೈತೆ. ಮಗ್ಳ ಕಣ್ಣಿಗೆ ಬಿದ್ರೆ ಅಳ್ತಾಳೆ.’

ಅದೇ ಬಟ್ಟೆಯ ಇನ್ನೊಂದು ಚೂರು ನನ್ನ ಹತ್ತಿರ ಇದೆ. ಅಂಗಡಿಗೆ ಬನ್ನಿ, ಕೊಡುತ್ತೇನೆ. ಸುಮೈರಾಳ ಪುಟದ್ದನ್ನು ಮಾತ್ರ ಕೀಳಬೇಡಿ.

ಇಂತಿ,
ನಾಜಿಮಾ
ಸುಮೈರಾಳ ತಾಯಿ