ಹೊಟ್ಟೆಕಿಚ್ಚನ್ನು ಹೊಟ್ಟೆನೋವೆಂದು ತಿದ್ದಿದವರಿಗೆ

ಮಕ್ಕಳ ಕಥೆಗಳ ಪರಿಷ್ಕರಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಸಿಡುಕಿಯನ್ನು ಏನು ಮಾಡಿದಿರಿ? ಎರಡು ತಲೆಮಾರಿನ ಮಕ್ಕಳು ಓದಿ ಬೆಳೆದ ಕಥೆಯ ಹುಡುಗಿ ಅವಳು. ತಮ್ಮ ಸಮಿತಿ ಈ ವರ್ಷ ಶಾಲೆಗಳಿಗೆ ಕಳಿಸಿರುವ ಪರಿಷ್ಕೃತ ಪುಸ್ತಕದಲ್ಲೂ, ಅದನ್ನು ಆಧರಿಸಿ ತರಗತಿಗಳಲ್ಲಿ ತೋರಿಸುತ್ತಿರುವ ಕಾರ್ಟೂನಿನಲ್ಲೂ ಅವಳಿಲ್ಲ. ಅವಳ ಜಾಗದಲ್ಲಿ ಸುಗುಣಿ ಎಂಬೊಬ್ಬಳು ಬಂದು ಕೂತಿದ್ದಾಳೆ. ಬಿಗಿಯಾಗಿ ಹೆಣೆದ ಎರಡು ಜಡೆ, ಇಸ್ತ್ರಿ ಮಾಡಿದ ಫ್ರಾಕು, ಸದಾ ನಗುವ ಬಾಯಿ. ನಿದ್ದೆಯಲ್ಲೂ ನಗುತ್ತಾಳೆ, ಚಿತ್ರದಲ್ಲಿ ನೋಡಿದ್ದೇನೆ. ಈ ಸುಗುಣಿಯ ದೆಸೆಯಿಂದ ನಮ್ಮ ಮನೆಯ ಆರು ವರ್ಷದ ಹುಡುಗಿ ತನಗಿಲ್ಲದ ರೋಗಕ್ಕೆ ಗುಳಿಗೆ ನುಂಗಿದ್ದಾಳೆ. ಅದಕ್ಕಾಗಿ ಈ ಪತ್ರ.

ಮೂಲಕಥೆಯನ್ನು ಓದಿದ ಮೇಲೂ ತಾವು ಅದನ್ನು ಹೀಗೆ ತಿದ್ದಿರುತ್ತೀರೆಂದು ನಂಬಲು ನನಗೆ ಮನಸ್ಸಿಲ್ಲ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಸಿಡುಕಿಗೆ ತಮ್ಮ ಹುಟ್ಟುತ್ತಾನೆ. ಮನೆಗೆ ಬಂದವರೆಲ್ಲ ತೊಟ್ಟಿಲ ಕಡೆ ಹೋಗುತ್ತಾರೆ, ಇವಳನ್ನು ಕೇಳುವವರಿಲ್ಲ. ‘ಸಿಡುಕಿಗೆ ಹೊಟ್ಟೆಕಿಚ್ಚು ಬಂತು’ ಎಂದು ಕಥೆ ಯಾವ ಮುಲಾಜೂ ಇಲ್ಲದೆ ಹೇಳುತ್ತದೆ. ಅವಳು ಕೂಸನ್ನು ದುಪ್ಪಟಿಯಲ್ಲಿ ಸುತ್ತಿ, ಬಾಗಿಲಿಗೆ ಹೊತ್ತು ತಂದು, ಬೀದಿಯಲ್ಲಿ ಹೋಗುತ್ತಿದ್ದ ಹಳೇ ಸಾಮಾನಿನವನನ್ನು ಕರೆಯುತ್ತಾಳೆ. “ಇದನ್ನ ತಗೊಂಡು ಬೇರೆ ಏನಾದ್ರೂ ಕೊಡು” ಅನ್ನುತ್ತಾಳೆ. ಅವನು ಕೂಸಿನ ಬಾಯಿಯನ್ನು ಇಣುಕಿ ನೋಡುತ್ತಾನೆ. “ಇನ್ನೂ ಹಲ್ಲೇ ಬಂದಿಲ್ಲ. ಇದು ಹೊಸದು ಕಣಮ್ಮ. ನಾನು ತಗೊಳ್ಳೋದು ಹಳೇ ಸಾಮಾನು. ಹಳೇದಾಗ್ಲಿ, ಬರ್ತೀನಿ.” ಸಿಡುಕಿ ದಿನಾ ಎದ್ದು, ತಮ್ಮ ಹಳೆಯವನಾದನೇ ಎಂದು ನೋಡುತ್ತಾಳೆ. ಹಳೇ ಸಾಮಾನಿನವನು ಮತ್ತೆ ಬರುವ ಹೊತ್ತಿಗೆ ತಮ್ಮ ಇವಳ ಫ್ರಾಕು ಹಿಡಿದು ಹೆಜ್ಜೆ ಹಾಕುತ್ತಿರುತ್ತಾನೆ. “ಇನ್ನೂ ಹಳೇದಾಗಿಲ್ಲ, ಹೋಗು” ಎಂದು ಸಿಡುಕಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಇಷ್ಟೇ ಕಥೆ. ಇದರಿಂದ ಯಾವ ಮಗು ಕೆಟ್ಟಿತು ಎಂದು ತಿಳಿಯುವ ಆಸೆಯಿಂದ ಕಂಕುಳಲ್ಲಿ ನನ್ನ ಕೂಸನ್ನೆತ್ತಿಕೊಂಡು ತಮ್ಮ ಕಚೇರಿಗೇ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಹೊರಗಿನ ಮೇಜಿನ ಗುಮಾಸ್ತರು ಪಾಪ ಒಳ್ಳೆಯವರು, ಕುರ್ಚಿ ಕೊಟ್ಟರು.

“ಹಳೇ ಸಾಮಾನಿನವನು ಎಲ್ಲಿ ಹೋದ ಸಾರ್?” ಎಂದೆ.

“ಮಗು ಮಾರಾಟಕ್ಕೆ ಪ್ರಚೋದನೆ ಆಗುತ್ತಂತೆ ಮೇಡಂ, ತೆಗೆದ್ರು.”

“ಹೊಟ್ಟೆಕಿಚ್ಚು?”

“ಅದು ಕೆಟ್ಟ ಗುಣ ಅಲ್ವಾ? ನಾಯಕಿಗೆ ಇರಬಾರ್ದಂತೆ. ಆದ್ರೆ ಹುಡುಗಿ ಹೊಟ್ಟೆ ಹಿಡ್ಕೊಂಡು ಮೂಲೇಲಿ ಕೂತಿರೋ ಚಿತ್ರ ಇತ್ತಲ್ಲ, ಅದು ಎಲ್ಲರಿಗೂ ಇಷ್ಟ ಆಗಿತ್ತು. ಬಿಡೋಕೆ ಮನಸ್ಸಾಗ್ಲಿಲ್ಲ. ಅದಕ್ಕೇ ಕಿಚ್ಚು ಹೊಡೆದು ನೋವು ಅಂತ ಮಾಡಿದ್ರು.”

ಮಾನ್ಯರೇ, ಹೀಗೆ ಒಂದು ಪದದ ಅರ್ಧಕ್ಕೆ ಕತ್ತರಿ ಹಾಕಿ ಮಗುವೊಂದರ ಮನಸ್ಸನ್ನು ತೊಳೆದು ಒಣಗಿಸಿದಿರಿ. ಈಗಿನ ಕಥೆಯಲ್ಲಿ ಸುಗುಣಿಗೆ ತಮ್ಮ ಹುಟ್ಟಿದ ದಿನವೇ ಯಾಕೋ ಹೊಟ್ಟೆನೋವು ಬರುತ್ತದೆ. ಅಮ್ಮ ಒಂದು ಗುಳಿಗೆ ಕೊಡುತ್ತಾಳೆ. ನೋವು ಮಾಯ. ಸುಗುಣಿ ಎದ್ದು ತಮ್ಮನಿಗೆ ಮುತ್ತು ಕೊಟ್ಟು ಜೋಗುಳ ಹಾಡುತ್ತಾಳೆ. ಅದೇ ಪುಸ್ತಕದಲ್ಲಿ ತಿಂಡಿ ಕದಿಯುತ್ತಿದ್ದ ಹುಡುಗ ಈಗ ತಿಂಡಿ ಹಂಚುತ್ತಾನೆ. ಯಾರ ತಿಂಡಿ ಎಂಬುದನ್ನು ಮಾತ್ರ ಹೇಳಿಲ್ಲ. ಕತ್ತಲೆಂದರೆ ನಡುಗುತ್ತಿದ್ದ ಹುಡುಗಿ ಈಗ ತಾನೇ ಮನೆಯ ದೀಪಗಳನ್ನೆಲ್ಲ ಆರಿಸಿ ವಿದ್ಯುತ್ ಉಳಿಸುತ್ತಾಳೆ. ಇಂಥ ಮಕ್ಕಳನ್ನು ತಾವು ಎಲ್ಲಿ ಕಂಡಿರಿ? ತಮ್ಮ ಸಮಿತಿಯಲ್ಲಿ ಅಣ್ಣನಾಗಿಯೋ ಅಕ್ಕನಾಗಿಯೋ ಬೆಳೆದವರು ಒಬ್ಬರಾದರೂ ಇರಲಿಲ್ಲವೇ? ಇದ್ದರೆ ಆ ಸಭೆಯಲ್ಲಿ ಅವರ ಬಾಯಿಗೆ ಏನಾಗಿತ್ತು?

ಇನ್ನು ನನ್ನ ಮನೆಯ ವಿಷಯ. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಎರಡನೆಯ ಹೆರಿಗೆಯ ರಜೆಯಲ್ಲಿದ್ದೇನೆ. ಕೂಸು ಬಂದಾಗಿನಿಂದ ದೊಡ್ಡವಳು ಮುಖ ಊದಿಸಿಕೊಂಡೇ ಓಡಾಡುತ್ತಿದ್ದಳು. ಶಾಲೆಯಲ್ಲಿ ಆ ಕಥೆಯ ಕಾರ್ಟೂನು ತೋರಿಸುತ್ತಾರೆಂದು ತಿಳಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಗಂಡನನ್ನು ಕರೆದು “ಸಿಡುಕಿ ಕಥೆ ತೋರಿಸ್ತಾರಂತೆ ರೀ, ಇವಳಿಗೂ ಸ್ವಲ್ಪ ಹಗುರ ಆಗುತ್ತೆ” ಎಂದೆ. ಆ ವಾರದಿಂದಲೇ ಅವಳಿಗೆ ಹೊಟ್ಟೆನೋವು ಶುರುವಾಯಿತು. ನಾನು ಕೂಸಿಗೆ ಹಾಲು ಕುಡಿಸಲು ಕೂತರೆ ಸಾಕು, ಹೊಟ್ಟೆ ಹಿಡಿದುಕೊಂಡು ಬರುತ್ತಾಳೆ. ಗುಳಿಗೆ ಕೊಟ್ಟೆ. ಸಿರಪ್ಪು ಕುಡಿಸಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ ಎಂದು ಕಳಿಸಿದರು. ಏನೂ ಇಲ್ಲದ್ದಕ್ಕೆ ಈ ಪರಿ ಯಾಕೆ ನರಳುತ್ತಾಳೆ ಎಂದು ನನಗೆ ದಿಗಿಲಾಯಿತು.

ಒಂದು ಸಂಜೆ ಗುಳಿಗೆ ಬಾಯಿಗಿಟ್ಟುಕೊಂಡವಳು ಗೋಡೆ ಕಡೆ ತಿರುಗಿ ಅಳತೊಡಗಿದಳು. ಬಹಳ ಹೊತ್ತು ರಮಿಸಿದ ಮೇಲೆ ಬಾಯಿಬಿಟ್ಟಳು: “ಸುಗುಣಿಗೆ ಒಂದೇ ಗುಳಿಗೆಗೆ ಹೋಯ್ತು. ಎದ್ದು ಪಾಪುಗೆ ಮುತ್ತು ಕೊಟ್ಲು. ನಾನು ಇಷ್ಟೊಂದು ತಗೊಂಡ್ರೂ ನಂಗೆ ಪಾಪು ಕಂಡ್ರೆ ಆಗಲ್ಲ.”

ಸುಗುಣಿ ಯಾರೆಂದು ಕೇಳಿ, ಕಾರ್ಟೂನಿನ ಕಥೆಯನ್ನೆಲ್ಲ ಅವಳ ಬಾಯಿಂದಲೇ ತಿಳಿದುಕೊಂಡೆ. ಹೊಟ್ಟೆನೋವಿಗೆ ನಮ್ಮ ಅಂಗಡಿಯಲ್ಲಿ ಎರಡು ಕಪಾಟು ತುಂಬ ಔಷಧಿಯಿದೆ, ಹೊಟ್ಟೆಕಿಚ್ಚಿಗೆ ಇದ್ದದ್ದು ಸಿಡುಕಿಯ ಆ ಒಂದು ಕಥೆ. ಕೂಸನ್ನು ಕೆಳಗೆ ಮಲಗಿಸಿ, ಇವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೆನಪಿದ್ದಷ್ಟನ್ನೂ ಹೇಳಿದೆ. ಹಳೇ ಸಾಮಾನಿನವನು ಬಂದಾಗ ನಕ್ಕಳು. ಎಷ್ಟೋ ವಾರಗಳ ನಂತರ ಆ ನಗು ಕೇಳಿದ್ದು. “ಅವಳಿಗೂ ಹಿಂಗೇ ಆಗಿತ್ತಾ?” ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಇನ್ನು ಪರವಾಗಿಲ್ಲ ಎಂದುಕೊಂಡೆ.

ಮಾರನೆಯ ದಿನ ಶಾಲೆಗೆ ಹೋಗಿ ತನ್ನ ಟೀಚರನ್ನು ಸಿಡುಕಿಯ ಬಗ್ಗೆ ಕೇಳಿದ್ದಾಳೆ. ಅವರು ಪರಿಷ್ಕೃತ ಪುಸ್ತಕ ತೆರೆದು ತೋರಿಸಿ, ಅಂಥ ಹುಡುಗಿ ಯಾರೂ ಇಲ್ಲ ಪುಟ್ಟಾ, ಇರೋದು ಸುಗುಣಿ ಎಂದಿದ್ದಾರೆ. ಟೀಚರದು ತಪ್ಪಿಲ್ಲ, ಅವರ ಕೈಗೆ ತಾವು ಕೊಟ್ಟಿರುವುದೇ ಅದು. ಮಗಳು ಮನೆಗೆ ಬಂದು ಚೀಲ ಇಳಿಸುವ ಮೊದಲೇ, “ಅದು ನೀನೇ ಕಟ್ಟಿದ ಕಥೆ ಅಲ್ವಾ? ನಂಗೆ ಬೇಜಾರಾಗ್ಬಾರ್ದು ಅಂತ ಹೇಳಿದ್ದು” ಎಂದಳು. ನಾನು ಎಷ್ಟು ಆಣೆ ಮಾಡಿದರೂ ನಂಬಲಿಲ್ಲ. ಹಳೆಯ ಪ್ರತಿ ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದರೆ, ತಮ್ಮ ಆದೇಶದಂತೆ ಎಲ್ಲವನ್ನೂ ವಾಪಸು ಕಳಿಸಿದ್ದಾರೆ. ಹಳೆ ಪುಸ್ತಕದ ಅಂಗಡಿಯಲ್ಲೂ ಸಿಗಲಿಲ್ಲ. ಅಚ್ಚಾದ ಪುಸ್ತಕದ ಮುಂದೆ ತಾಯಿಯ ಮಾತು ಸುಳ್ಳಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸಿಡುಕಿಯನ್ನು ಮರಳಿ ಅಚ್ಚು ಹಾಕಿಸಿ. ಅವಳ ಸಿಡುಕು, ದುಪ್ಪಟಿ, ಹೊಟ್ಟೆಕಿಚ್ಚು ಎಲ್ಲವೂ ಇದ್ದ ಹಾಗೇ ಇರಲಿ. ಕಾರ್ಟೂನನ್ನೂ ಹಾಗೆಯೇ ಸರಿಪಡಿಸಿ. ಮಕ್ಕಳು ಕೆಡುತ್ತಾರೆಂಬ ಭಯ ಅಷ್ಟೊಂದಿದ್ದರೆ ಸುಗುಣಿಯೂ ಪಕ್ಕದ ಪುಟದಲ್ಲಿ ನಗುತ್ತಾ ಇರಲಿ, ನನ್ನ ಅಭ್ಯಂತರವಿಲ್ಲ. ಆದರೆ ಮುಂದಿನ ವರ್ಷದ ಪರಿಷ್ಕರಣೆಯಲ್ಲಿ ಪರಿಶೀಲಿಸಲಾಗುವುದು ಎಂಬ ಉತ್ತರ ಮಾತ್ರ ಬೇಡ. ನಾನು ಗುಳಿಗೆ ಕೊಡುವುದನ್ನು ನಿಲ್ಲಿಸಿದ್ದೇನೆ, ಅವಳು ಕೇಳುವುದನ್ನು ನಿಲ್ಲಿಸಿಲ್ಲ. ನಿನ್ನೆ ಕೂಸಿಗೆ ಹಾಲು ಕುಡಿಸುತ್ತಿದ್ದಾಗ ನೀರಿನ ಲೋಟ ಹಿಡಿದು ಬಂದು ನನ್ನ ಮುಂದೆ ನಿಂತಳು.

“ಇನ್ನೊಂದೇ ಒಂದು ಕೊಡಮ್ಮ,” ಎಂದಳು. “ಈ ಸಲ ಒಳ್ಳೆಯವಳಾಗ್ತೀನಿ.”

ಇಂತಿ,
ಮಗಳ ಹೊಟ್ಟೆಕಿಚ್ಚಿಗೆ ಹೊಟ್ಟೆನೋವಿನ ಮದ್ದು ಕುಡಿಸಿದ
ಔಷಧಿ ಅಂಗಡಿಯ ಹೆಂಗಸು